ಎಷ್ಟು ಗಂಟೆಗೆ ಗಾಬರಿಯಾಗಲಿ?

ಕಳೆದ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳೂವರೆ. ನಾವು ನಾಲ್ಕು ಜನ ಬೆನ್ನಿಗೆ ಚೀಲ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆವು. ಕೆಳಮನೆಯ ಅಮ್ಮ ಬಾಗಿಲು ತೆರೆದು ಹೊರಗೆ ಬಂದರು. ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ.

"ಎಲ್ಲಿಗೆ?" ಎಂದರು.

ನನಗೆ ಎದೆ ಧಸಕ್ ಎಂದಿತು. ಸ್ವಿಟ್ಜರ್ಲೆಂಡಿನ ಈ ಥೂನ್ ಊರಿಗೆ ಬಂದು ಆರು ವರ್ಷವಾಯಿತು, ಇದೊಂದು ಮಾತ್ರ ನನ್ನನ್ನು ಬಿಟ್ಟು ಹೋಗಿಲ್ಲ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಅಲ್ವಾ? ಕೇಳಲೇಬೇಕಿದ್ದರೆ "ದೂರವಾ?" ಅನ್ನಬೇಕು. ಹೆಬ್ರಿ ಹತ್ತಿರದ ನಮ್ಮ ಅಜ್ಜಿ ಮನೆಯಲ್ಲಿ ಯಾರಾದರೂ ಬಾಯಿತಪ್ಪಿ ಎಲ್ಲಿಗೆ ಅಂದರೆ, ಅಂಗಳಕ್ಕೆ ಇಳಿದವರು ವಾಪಸ್ ಜಗಲಿಗೆ ಬಂದು, ಒಂದು ಲೋಟ ನೀರು ಕುಡಿದು, ಸ್ವಲ್ಪ ಕೂತು ಮತ್ತೆ ಹೊರಡುತ್ತಿದ್ದರು.

"ಸ್ಟೋಕ್‌ಹಾರ್ನ್ ಬೆಟ್ಟದ ಕಡೆ" ಎಂದೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಯಾವ ದಾರಿ? ಕೇಬಲ್ ಕಾರಿನಲ್ಲಿ ಎಲ್ಲಿಯ ತನಕ? ವಾಪಸ್ ಅದೇ ದಾರಿಯಾ? ನನ್ನ ಸಣ್ಣ ಮಗಳನ್ನು ಹತ್ತಿರ ಕರೆದು, ಅವಳ ಕಾಲು ಎತ್ತಿಸಿ ಬೂಟಿನ ಅಡಿ ನೋಡಿದರು. ಹಿಮ್ಮಡಿಯ ಹತ್ತಿರ ಹೆಬ್ಬೆರಳು ಒತ್ತಿದರು. ಅಲ್ಲಿ ಗೆರೆಗಳು ಸವೆದು ನುಣ್ಣಗಾಗಿದ್ದವು. "ಇಳಿಯುವಾಗ ಇವಳ ಕೈ ಹಿಡಿದುಕೊಳ್ಳಿ, ಹತ್ತುವಾಗ ಬೇಡ" ಎಂದರು. ಆಮೇಲೆ ಕೇಳಿದರು:

"ಸಂಜೆ ನೀವು ಬರದಿದ್ದರೆ ನಾನು ಎಷ್ಟು ಗಂಟೆಗೆ ಗಾಬರಿಯಾಗಲಿ?"

ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ಪೆನ್ನು, ಕಾಗದ ತಂದು ಕೈಗೆ ಕೊಟ್ಟರು. ನಾನು ಬರೆದೆ. ಕ್ರಿಂಡಿ ತನಕ ಕೇಬಲ್ ಕಾರು, ಅಲ್ಲಿಂದ ಓಬರ್‌ಸ್ಟೋಕನ್ ಕೆರೆ, ಅಲ್ಲಿಂದ ತುದಿ. ದೊಡ್ಡವರು 2, ಮಕ್ಕಳು 2. ಮನೆಗೆ 5 ಗಂಟೆ. 7ರ ತನಕ ಫೋನ್ ಮಾಡಿ ನೋಡಿ. ಅದರ ಮೇಲೂ ಸುದ್ದಿ ಇಲ್ಲದಿದ್ದರೆ 1414. ಅದು ಇಲ್ಲಿಯ ಹೆಲಿಕಾಪ್ಟರ್ ರಕ್ಷಣೆಯವರ ನಂಬರು, ಬೆಟ್ಟಕ್ಕೆ ಹೋಗುವವರೆಲ್ಲ ಫೋನಿನಲ್ಲಿ ಹಾಕಿಟ್ಟುಕೊಳ್ಳುತ್ತಾರೆ. ಅವರು ಚೀಟಿಯನ್ನು ಫ್ರಿಜ್ಜಿನ ಮೇಲೆ ಸಿಕ್ಕಿಸಿ, "ಬಂದ ಮೇಲೆ ಇದನ್ನು ವಾಪಸ್ ತೆಗೆದುಕೊಂಡು ಹೋಗಬೇಕು" ಎಂದರು.

ರೈಲಿನಲ್ಲಿ ಕೂತಾಗಲೂ ನನ್ನ ತಲೆಯಲ್ಲಿ ಅದೇ ಪ್ರಶ್ನೆ. ಜುಲೈನಲ್ಲಿ ಉಡುಪಿಯಿಂದ ಅಕ್ಕ ಫೋನ್ ಮಾಡಿದ್ದು ನೆನಪಾಯಿತು. ಇಲ್ಲಿ ಸಂಜೆ ಐದೂವರೆ, ಅಲ್ಲಿ ರಾತ್ರಿ ಒಂಬತ್ತು. "ಅವನು ಇನ್ನೂ ಬರ್ಲಿಲ್ಲ ಮಾರಾಯ್ತಿ, ಫೋನೂ ಸ್ವಿಚ್ ಆಫ್" ಅಂತ ಅಳುತ್ತಿದ್ದಳು. ಅವಳ ಮಗ ಮಣಿಪಾಲದಲ್ಲಿ ಓದುತ್ತಾನೆ. ಕಾಲೇಜಿನಲ್ಲಿ ಏನೋ ಕಾರ್ಯಕ್ರಮ ಅಂತ ಹೇಳಿ, ಮೂವರು ಗೆಳೆಯರ ಜೊತೆ ಎರಡು ಬೈಕಿನಲ್ಲಿ ಘಟ್ಟದ ಬುಡದ ಒಂದು ಜಲಪಾತಕ್ಕೆ ಹೋಗಿದ್ದ. ದಾರಿಯಲ್ಲಿ ಪ್ರವೇಶ ಇಲ್ಲ ಅಂತ ಬೋರ್ಡ್ ಇತ್ತಂತೆ. ಬಳಸಿಕೊಂಡು ಹೋದರು. ಹೋಗುವಾಗ ಮೊಣಕಾಲು ಮಟ್ಟ ಇದ್ದ ತೊರೆ, ಬರುವಾಗ ಸೊಂಟ ಮೀರಿತ್ತು. ಅವರಿದ್ದಲ್ಲಿ ಒಂದು ಹನಿ ಮಳೆ ಇಲ್ಲ. ಮಳೆ ಬಂದದ್ದು ಮೇಲೆ, ಘಟ್ಟದಲ್ಲಿ. ನೀರು ಇಳಿಯುವ ತನಕ ಆಚೆ ದಡದಲ್ಲಿ ಕೂತರು. ಅದೊಂದು ಒಳ್ಳೆಯ ಬುದ್ಧಿ ಮಾಡಿದರು. ಆದರೆ ಅವರು ಎಲ್ಲಿದ್ದಾರೆ ಅಂತ ಈ ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿರಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಮನೆ ಮುಟ್ಟಿದ. ಅಷ್ಟರ ತನಕ ಅಕ್ಕ ಅಂಬಲಪಾಡಿಯ ಮನೆಯ ಗೇಟಿನಲ್ಲೇ ನಿಂತಿದ್ದಳು. ಯಾರಿಗೆ ಫೋನ್ ಮಾಡಬೇಕು, ಎಲ್ಲಿ ಹುಡುಕಿ ಅಂತ ಹೇಳಬೇಕು, ಏನೂ ಗೊತ್ತಿಲ್ಲದೆ.

ನನಗೆ ಸಿಟ್ಟು ಬರುವುದು ಇದಕ್ಕೇ. ನಮ್ಮ ಬೆಟ್ಟಗಳು ಯಾವುದಕ್ಕೆ ಕಡಿಮೆ? ಮುಳ್ಳಯ್ಯನಗಿರಿ 1,930 ಮೀಟರ್. ಇಲ್ಲಿಯ ಸ್ಟೋಕ್‌ಹಾರ್ನ್ 2,190. ಇಲ್ಲಿಯವರು ಇಷ್ಟು ಬೆಟ್ಟಕ್ಕೆ ಎಷ್ಟು ಮರ್ಯಾದೆ ಕೊಡುತ್ತಾರೆ! 1979ರಲ್ಲಿ ಜನರೇ ಮತ ಹಾಕಿ ಕಾಲುದಾರಿಯ ವಿಷಯವನ್ನು ದೇಶದ ಸಂವಿಧಾನಕ್ಕೆ ಸೇರಿಸಿದರು. ದಾರಿ ತೋರಿಸುವ ಹಳದಿ ಹಲಗೆಯ ಮೇಲೆ ಕಿಲೋಮೀಟರ್ ಬರೆಯುವುದಿಲ್ಲ, ಎಷ್ಟು ಹೊತ್ತು ಬೇಕು ಅಂತ ಬರೆಯುತ್ತಾರೆ. ಕೂತು ದಣಿವಾರಿಸಿಕೊಳ್ಳುವ ಹೊತ್ತು ಅದರಲ್ಲಿ ಸೇರಿಲ್ಲ. ಮಕ್ಕಳಿದ್ದರೆ ನಾನು ಅದಕ್ಕೆ ಅರ್ಧ ಸೇರಿಸುತ್ತೇನೆ. ಹಲಗೆಯ ತುದಿಗೆ ಬಿಳಿ-ಕೆಂಪು-ಬಿಳಿ ಬಣ್ಣ ಕಂಡರೆ ಅದು ಗುಡ್ಡದ ಕಡಿದಾದ ದಾರಿ, ಗಟ್ಟಿ ಬೂಟು ಬೇಕು. ನಮ್ಮಲ್ಲಿ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಜನ ಮುಗಿಬಿದ್ದ ಮೇಲೆ ಆನ್‌ಲೈನ್ ಬುಕಿಂಗ್ ಬಂತು. ಬಂದದ್ದು ಒಳ್ಳೆಯದೇ. ಆದರೆ ಟಿಕೆಟ್ ಇದ್ದವರ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಅರ್ಧ ಲೀಟರ್ ನೀರು ಇದ್ದರೆ ಬುಕಿಂಗ್ ಏನು ಮಾಡುತ್ತದೆ?

ಹಾಗಂತ ನಮಗೆ ಇದೆಲ್ಲ ಗೊತ್ತೇ ಇರಲಿಲ್ಲ ಅಂತಲ್ಲ. ನಮ್ಮ ಅಜ್ಜಿಗೆ ಎಲ್ಲ ಗೊತ್ತಿತ್ತು. ಸೊಪ್ಪಿಗೆ, ದರಗಿಗೆ ಅಂತ ಕಾಡಿಗೆ ಹೋಗುವವರ ಕೈಯಲ್ಲಿ ಉಪ್ಪಿನ ಗಂಟು ಇಲ್ಲದಿದ್ದರೆ ಬಿಡುತ್ತಿರಲಿಲ್ಲ. ಹಳೇ ಪಂಚೆಯ ತುಂಡಿನಲ್ಲಿ ಹಿಡಿ ಉಪ್ಪು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಬಿಗಿದು ಕೊಡುವುದು. ಕಾಲಿಗೆ ಹತ್ತಿದ ಉಂಬಳಕ್ಕೆ ಅದನ್ನು ಮುಟ್ಟಿಸಿದರೆ ಸಾಕು, ಬಿದ್ದು ಹೋಗುತ್ತದೆ. ಬೆಲ್ಲದ ತುಂಡು, ಅವಲಕ್ಕಿ ಬೇರೆ ಕಟ್ಟು. "ಹೊಳೆ ನೀರು ಕೆಂಪಾಗಿ ತರಗೆಲೆ ತೇಲಿ ಬಂದ್ರೆ ದಾಟ್ಬೇಡಿ, ಮೇಲೆ ಮಳೆ ಆಗಿದೆ ಅಂತ ಲೆಕ್ಕ" ಅನ್ನುವುದನ್ನು ನಾನು ಅವಳ ಬಾಯಲ್ಲಿ ನೂರು ಸಲ ಕೇಳಿದ್ದೇನೆ.

ಎಲ್ಲಿಗೆ ಅಂತ ಅಜ್ಜಿ ಯಾರನ್ನೂ ಕೇಳಲಿಲ್ಲ ನಿಜ. ಆದರೆ ಕೇಳದೆಯೂ ಬಿಡಲಿಲ್ಲ. ಹೊರಟವರು ಅಂಗಳ ದಾಟುವ ಮೊದಲು ಅಡಿಗೆ ಮನೆಯಿಂದಲೇ ಅವಳ ದನಿ ಬರುತ್ತಿತ್ತು:

"ರಾತ್ರಿಗೆ ಎಷ್ಟು ಜನಕ್ಕೆ ಅಕ್ಕಿ ಹಾಕ್ಲಿ?"

ಕುಚ್ಚಲಕ್ಕಿ ಒಲೆಯಲ್ಲಿ ಬೇಯಲು ಗಂಟೆಯ ಮೇಲೆ ಬೇಕು. ಮೊದಲೇ ಗೊತ್ತಿರಬೇಕು. ಹಾಗಾಗಿ ಉತ್ತರ ಹೇಳಲೇಬೇಕು. "ನಾವು ಮೂವರೂ ಇರ್ತೇವೆ ಅಜ್ಜಿ, ಕತ್ತಲಾಗುವ ಮೊದಲು ಬರ್ತೇವೆ." "ದಾರಿಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿ ಬರ್ತೇವೆ, ಸ್ವಲ್ಪ ತಡ." ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿಗೆ, ಮೂರೂ ಅವಳಿಗೆ ಸಿಕ್ಕಿಬಿಡುತ್ತಿತ್ತು. ಅಪಶಕುನವೂ ಆಗಲಿಲ್ಲ. ಚಿಕ್ಕವಳಿದ್ದಾಗ ಅದು ಬರೀ ಅಕ್ಕಿಯ ಲೆಕ್ಕ ಅಂದುಕೊಂಡಿದ್ದೆ. ಕೆಳಮನೆಯ ಅಮ್ಮ ಕೇಳಿದ ಮೇಲೆ, ಆ ರೈಲಿನಲ್ಲಿ ಕೂತಾಗ ನನಗೆ ಅದು ಅರ್ಥವಾಯಿತು. ಇಬ್ಬರೂ ಕೇಳಿದ್ದು ಒಂದೇ. ಕಣ್ಣು ತುಂಬಿ ಬಂತು. ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಗ್ಯಾಸಿನ ಕುಕ್ಕರ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಆ ಪ್ರಶ್ನೆ ನಿಂತು ಹೋಯಿತೇನೋ. ಯಾರು ಯಾವಾಗ ಬಂದರೂ ಬಿಸಿ ಅನ್ನ. ಕೇಳಬೇಕಾದ ಅಗತ್ಯವೇ ಇಲ್ಲ.

ಅವತ್ತು ನಾವು ತುದಿ ಮುಟ್ಟಲಿಲ್ಲ. ಓಬರ್‌ಸ್ಟೋಕನ್ ಕೆರೆಯ ಹತ್ತಿರ ಬುತ್ತಿ ಬಿಚ್ಚಿ ಚಿತ್ರಾನ್ನ ತಿನ್ನುವಾಗ ಪಡುವಣದ ಮೋಡ ಹೂಕೋಸಿನ ಹಾಗೆ ಮೇಲೆ ಮೇಲೆ ಉಬ್ಬುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗುಡುಗು ಬರುವುದು ಹೀಗೆಯೇ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗೇ ಇದೆ ಅಂತ ಅರ್ಥ, ಬೋಳು ಬೆಟ್ಟದ ಮೇಲೆ ಇರಬಾರದು. ನಾವು ಮಿಂಚು ಕಾಣುವ ತನಕ ಕಾಯಲಿಲ್ಲ. ದೊಡ್ಡ ಮಗ ಮುಖ ಊದಿಸಿದ. ಇಳಿದೆವು. ಮಗಳ ಕೈ ಹಿಡಿದುಕೊಂಡಿದ್ದೆ. ಎರಡು ಕಡೆ ಅವಳ ಹಿಮ್ಮಡಿ ಜಾರಿತು, ಬೀಳಲಿಲ್ಲ. ಕೇಬಲ್ ಕಾರು ಹತ್ತುವಾಗ ದಪ್ಪ ಹನಿ ಶುರುವಾಯಿತು.

ನಾಲ್ಕೂಕಾಲಿಗೆ ಕೆಳಮನೆಯ ಬೆಲ್ ಒತ್ತಿದೆ. ತುದಿ ಮುಟ್ಟಿದಿರಾ ಅಂತ ಅವರು ಕೇಳಲಿಲ್ಲ. ಚೀಟಿ ತಂದು ಕೈಗೆ ಕೊಟ್ಟರು. "ಬೂಟಿನೊಳಗೆ ಪೇಪರ್ ತುರುಕಿಡಿ, ಬೆಳಿಗ್ಗೆ ಒಣಗಿರುತ್ತದೆ" ಎಂದರು.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಜ್ಜಿಯ ಅಕ್ಕಿಯ ವಿಷಯ ಬಂದಾಗ ಅವಳು ಸುಮಾರು ಹೊತ್ತು ಸುಮ್ಮನಿದ್ದಳು. "ನಾನು ಅವನಿಗೆ ಬೈದದ್ದೇ ಬೈದದ್ದು, ಹೋಗ್ಬೇಡ ಅಂದದ್ದೇ ಅಂದದ್ದು. ಅದಕ್ಕೇ ಸುಳ್ಳು ಹೇಳಿ ಹೋಗಿದ್ದು ಕಾಣ್ತದೆ" ಎಂದಳು. ನಾನು ಆ ಚೀಟಿಯ ಫೋಟೋ ತೆಗೆದು ಅವಳ ಮಗನಿಗೆ ಕಳಿಸಿದೆ, ಕೆಳಗೆ ಕನ್ನಡದಲ್ಲಿ ಅರ್ಥ ಬರೆದು. ಉಪದೇಶ ಏನೂ ಮಾಡಲಿಲ್ಲ.

ನಿನ್ನೆ ನಮ್ಮ ಮನೆಯವರ ಗುಂಪಿಗೆ ಅವನ ಮೆಸೇಜ್ ಬಂತು. "ಅಮ್ಮ, ಚಿಕ್ಕಮ್ಮ, ಭಾನುವಾರ ಕೊಡಚಾದ್ರಿ. ಮಳೆ ಜೋರಿದ್ದರೆ ಹೋಗುವುದಿಲ್ಲ. ನಾವು 4 ಜನ, 2 ಬೈಕ್." ಕೆಳಗೆ ಉಳಿದ ಮೂವರ ಹೆಸರು, ಅವರ ಮನೆಯ ಫೋನ್ ನಂಬರು. "ಮಧ್ಯಾಹ್ನ 2ಕ್ಕೆ ಎಲ್ಲಿದ್ದರೂ ತಿರುಗಿ ಹೊರಡ್ತೇವೆ. ಕೊಲ್ಲೂರಿಗೆ ಬಂದ ಕೂಡಲೇ ಫೋನ್ ಮಾಡ್ತೇನೆ. ಮನೆಗೆ 8."

ಅದರ ಕೆಳಗೆ ಅಕ್ಕ ಬರೆದಿದ್ದಾಳೆ: "ನಾಲ್ಕೂ ಜನಕ್ಕೆ ಅಕ್ಕಿ ಹಾಕಿರ್ತೇನೆ."