ಗೋಳಿ ಪಲ್ಯದ ಮೇಲೆ ಕೂತವಳು

ಕೊಪ್ಪಳ, 12 ಅಕ್ಟೋಬರ್ 2025, ಭಾನುವಾರ

ರಾತ್ರಿ ಮಳೆ ಬಂದಿತ್ತು. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಪಕ್ಕದ ಖಾಲಿ ಸೈಟಿಗೆ ಹೋದೆ. ಎಕ್ಕದ ಗಿಡ, ಒಡೆದ ಟೈಲ್ಸು, ಮಳೆಗೆ ಹಬ್ಬಿದ ಗೋಳಿ ಪಲ್ಯ ಅನ್ನೋ ಸೊಪ್ಪು. ನನ್ನ ಚಿಟ್ಟೆಗಳೆಲ್ಲ ಅಲ್ಲೇ ಸಿಗೋದು.

ಕಿತ್ತಳೆ ರೆಕ್ಕೆ, ಕಪ್ಪು ತುದಿ, ಅದರಲ್ಲಿ ಬಿಳಿ ಪಟ್ಟೆ. ನೋಡಿದ ತಕ್ಷಣ ನೋಟ್‌ಬುಕ್ಕಿನಲ್ಲಿ 'ಪ್ಲೇನ್ ಟೈಗರ್' ಅಂತ ಬರೆದೆ. ಎರಡು ವರ್ಷದಿಂದ ಹೀಗೇ ಬರೆಯುತ್ತಿದ್ದೇನೆ. ಎಕ್ಕ ಇದ್ದಲ್ಲಿ ಅದು ಇದ್ದೇ ಇರುತ್ತದೆ, ಅದರ ಮರಿಹುಳ ಎಕ್ಕದೆಲೆ ತಿಂದೇ ಬೆಳೆಯುವುದು. ಎಕ್ಕದ ಹಾಲಿನ ವಿಷ ಮೈಯಲ್ಲೇ ಉಳಿಯುತ್ತದೆ. ಒಂದು ಸಲ ರುಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ.

ಆದರೆ ಇವತ್ತಿನದು ಎಕ್ಕದ ಕಡೆ ತಿರುಗಿಯೂ ನೋಡಲಿಲ್ಲ. ನೆಲಕ್ಕೆ ತಾಗುವ ಹಾಗೆ ಹಾರಿ, ಗೋಳಿ ಎಲೆಯ ಅಡಿಗೆ ಹೊಟ್ಟೆ ಬಗ್ಗಿಸಿತು. ಮೊಟ್ಟೆ! ಪ್ಲೇನ್ ಟೈಗರ್‌ಗೆ ಗೋಳಿಯಲ್ಲಿ ಏನು ಕೆಲಸ?

ಕೆಸರಲ್ಲೇ ಮೊಣಕಾಲೂರಿ ಫೋಟೊ ತೆಗೆದೆ. ದೊಡ್ಡದು ಮಾಡಿ ನೋಡಿದೆ. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳಿರುತ್ತವೆ, ಹೆಣ್ಣಿಗೆ 3, ಗಂಡಿಗೆ 4. ಇದಕ್ಕೆ ಒಂದೇ, ಅದೂ ಮೇಲಂಚಿನ ಹತ್ತಿರ. ಇವಳು ಡನೈಡ್ ಎಗ್‌ಫ್ಲೈ, ಪ್ಲೇನ್ ಟೈಗರ್ ಹಾಗೇ ಕಾಣುವ ಬೇರೆ ಚಿಟ್ಟೆ! ವಿಷ ಇಲ್ಲ, ಬರೀ ವೇಷ. ಹಕ್ಕಿಗೆ ಟೋಪಿ ಹಾಕಲು ಕಲಿತ ವೇಷಕ್ಕೆ ನಾನೂ ಬಿದ್ದೆ. ಇವಳ ಗಂಡಿಗೆ ಈ ವೇಷವೇ ಇಲ್ಲ. ಅವನು ಕಪ್ಪು, ಮೇಲೆ ದೊಡ್ಡ ಬಿಳಿ ಬೊಟ್ಟು, ಅದರ ಸುತ್ತ ನೇರಳೆ ಹೊಳಪು. ಇಬ್ಬರನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಜಾತಿ ಅಂತ ಯಾರೂ ನಂಬಲ್ಲ.

"ಕೆಸರಾಗ ಏನ್ ಹುಡುಕಾಕತ್ತಿ?" ಅವ್ವ ಬುಟ್ಟಿ ಹಿಡಿದು ಬಂದಿದ್ದಳು.

"ಪಾತರಗಿತ್ತಿ ತತ್ತಿ ಇಟ್ಟೈತಿ ಬೇ, ಈ ಗಿಡ ಕೀಳಬ್ಯಾಡ."

"ಹುಳಕ್ಕ ಬಿಟ್ರ ನಮಗೇನು?"

ಆ ಗಿಡದ ಸುತ್ತ ಟೈಲ್ಸಿನ ಚೂರು ನಿಲ್ಲಿಸಿದೆ. ಉಳಿದದ್ದನ್ನು ಅವ್ವ ಕಿತ್ತಳು. ಎಲೆ ತಿರುವಿ ನೋಡಿಯೇ ಬುಟ್ಟಿಗೆ ಹಾಕಿದಳು ಅನ್ನಿ.

ರಾತ್ರಿ ರೊಟ್ಟಿ, ಗೋಳಿ ಪಲ್ಯ. ಊಟದ ಮಧ್ಯೆ ಬಾಗಿಲ ಲೈಟಿಗೆ ಅಂಗೈಯಗಲದ ಹಸಿರು ಪತಂಗ ಬಂತು, ಥೇಟ್ ಮಿಲಿಟರಿ ಬಟ್ಟೆ. ಓಲಿಯಾಂಡರ್ ಹಾಕ್‌ಮಾತ್. ಅಂಗಳದ ಕಣಗಿಲೆ ಎಲೆ ಬೋಳಾಗಿದ್ದು ಇದರ ಮರಿಹುಳದಿಂದಲೇ ಇರಬೇಕು. ಇದರಲ್ಲಿ ಚುಕ್ಕೆ ಎಣಿಸುವ ತಲೆನೋವಿಲ್ಲ.

ಈಗ ಹಳೆ ಫೋಟೊ ತೆಗೆದು ಚುಕ್ಕೆ ಎಣಿಸುತ್ತಾ ಕೂತಿದ್ದೇನೆ. ನೋಟ್‌ಬುಕ್ಕಿನಲ್ಲಿ ಐದು ಕಡೆ 'ಪ್ಲೇನ್ ಟೈಗರ್' ಹೊಡೆದು ಹಾಕಿದೆ. ಮಸುಕಾದ ಎರಡು ಫೋಟೊ ಇನ್ನೂ ಬಾಕಿ.