ಗಿಣ್ಣು ಇರಬೇಕು, ಅಷ್ಟೇ

ಮನಿ ಪ್ಲಾಂಟ್ ಕಡ್ಡಿಯನ್ನು ನೀರಿಗೆ ಹಾಕುವವರು ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಕಡ್ಡಿಯಲ್ಲಿ ಗಿಣ್ಣು ಇರಬೇಕು. ಎಲೆ ಬುಡದ ಹತ್ತಿರ ಕಂದು ಬಣ್ಣದ ಸಣ್ಣ ಗುಬುಟು ಕಾಣುತ್ತದಲ್ಲ, ಬೇರು ಬರುವುದು ಅಲ್ಲಿಂದಲೇ. ಅದರ ಸ್ವಲ್ಪ ಕೆಳಗೆ ಕತ್ತರಿಸಿ. ಗಿಣ್ಣಿಲ್ಲದ ಬರೀ ಎಲೆಯಿಂದ ಹೊಸ ಬಳ್ಳಿ ಬರಲ್ಲ.

ನಮ್ಮ ಕೋಲಾರದ ಮನೆಯ ಬೋರ್‌ವೆಲ್ ನೀರು ಹಾಕಿದರೆ ಬಾಟಲಿಯೊಳಗೆ ಬಿಳಿ ಉಪ್ಪು ಕಟ್ಟುತ್ತದೆ. ಅದಕ್ಕೇ ಮಳೆ ನೀರು ಹಿಡಿದಿಟ್ಟು ವಾರಕ್ಕೊಮ್ಮೆ ಬದಲಾಯಿಸುತ್ತೇನೆ. ಇವತ್ತು ಬೆಳಿಗ್ಗೆ ನೋಡಿದರೆ ಗಿಣ್ಣಿನಿಂದ ಬೆಳ್ಳಗೆ, ದಾರದಷ್ಟು ಸಣ್ಣ ಬೇರು ಇಣುಕುತ್ತಿದೆ. ಎಷ್ಟು ಖುಷಿ ಆಯ್ತು ಅಂದ್ರೆ!

ಈ ಬಳ್ಳಿಯ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಹಾರ್ಮೋನಿನ ಕೊರತೆ ಇದಕ್ಕಿದೆ. ಹಾಗಾಗಿ ಹೆಚ್ಚುಕಮ್ಮಿ ಹೂವೇ ಇಲ್ಲ, ಬೀಜದ ಮಾತೂ ಇಲ್ಲ. ಅಂದರೆ ಅಷ್ಟು ದೂರದಿಂದ ನಮ್ಮ ಕಿಟಕಿಯವರೆಗೆ ಕಡ್ಡಿ ಕಡ್ಡಿಯಾಗಿ, ಕೈಯಿಂದ ಕೈಗೇ ಬಂದಿದೆ ಅಲ್ವಾ? ನನಗೆ ಕೊಟ್ಟಿದ್ದು ಪಕ್ಕದ ಮನೆ ಆಂಟಿ.

ಇಲ್ಲೇ ಹತ್ತಿರದವರಿಗೆ ಕಡ್ಡಿ ಬೇಕಿದ್ದರೆ ಹೇಳಿ, ಕೊಡುತ್ತೇನೆ. ಮನೆಯಲ್ಲಿ ಬೆಕ್ಕೋ ಚಿಕ್ಕ ಮಕ್ಕಳೋ ಇದ್ದರೆ ಮಾತ್ರ ಎತ್ತರದಲ್ಲಿಡಿ. ಎಲೆ ಅಗಿದರೆ ಬಾಯಿ ಉರಿಯುತ್ತದೆ.