ಪಿಜಿಇ2 ಅಳೆಯೋರಿಗೆ
ರಕ್ತದ ಪ್ಲಾಸ್ಮಾದಲ್ಲಿ ನೇರ ಪಿಜಿಇ2 (ಪ್ರೊಸ್ಟಾಗ್ಲಾಂಡಿನ್ ಇ2, ಉರಿಯೂತದಲ್ಲಿ ಪಾತ್ರವಿರೋ ಹಾರ್ಮೋನಿನಂಥ ವಸ್ತು) ಅಳೆಯೋಕೆ ಹೊರಡಬೇಡಿ ಮಾರಾಯ್ರೆ. ಶ್ವಾಸಕೋಶ ಒಂದು ಸಲ ದಾಟುವಷ್ಟರಲ್ಲಿ ಬಹುಪಾಲು ಒಡೆದಿರುತ್ತೆ. ಟ್ಯೂಬಲ್ಲಿ ಸಿಗೋದು ಹೆಚ್ಚಾಗಿ ಸೂಜಿ ಚುಚ್ಚಿದ ಮೇಲೆ ರಕ್ತಕಣಗಳು ಹುಟ್ಟಿಸಿದ್ದು. ಅದಕ್ಕೇ ಪಿಜಿಇ2 ಒಡೆದಾಗ ಹುಟ್ಟೋ 13,14-ಡೈಹೈಡ್ರೋ-15-ಕೀಟೋ ಮೆಟಬೊಲೈಟ್ ಹಿಡಿಯೋದು. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋದು) ಟ್ಯೂಬಿಗೆ ಮೊದಲೇ ಇಂಡೊಮೆಥಾಸಿನ್ (ರಕ್ತಕಣಗಳು ಹೊಸ ಪಿಜಿಇ2 ಹುಟ್ಟಿಸದಂತೆ ತಡೆಯೋ ಔಷಧ), ಸುಮಾರು 10 ಮೈಕ್ರೊಮೋಲಾರ್ ಬರುವಂತೆ. ತಕ್ಷಣ ಐಸ್, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್, ಆಮೇಲೆ ಮೈನಸ್ 80. ರಿಪೋರ್ಟಿನ ಅಂಕಿಗೆ ಕೊಡೋ ಮರ್ಯಾದೆಯಲ್ಲಿ ಕಾಲು ಭಾಗ ಈ ಟ್ಯೂಬಿಗೆ ಕೊಟ್ಟಿದ್ರೆ!

ಈ ಮೆಟಬೊಲೈಟೂ ನಿಲ್ಲೋದಲ್ಲ: ನೀರಿನಂಶ ಕಳಕೊಳ್ಳುತ್ತೆ, ರಕ್ತದ ಪ್ರೋಟೀನ್ ಆಲ್ಬುಮಿನ್‌ಗೆ ಅಂಟುತ್ತೆ. ಹಾಗಾಗಿ ಕಾರ್ಬೊನೇಟ್ ಬಫರ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು, ಸ್ಥಿರವಾಗಿ ನಿಲ್ಲೋ ಬೈಸೈಕ್ಲೊ ರೂಪಕ್ಕೆ ತಿರುಗಿಸಿಯೇ ಎಲೈಸಾ (ಪ್ರತಿಕಾಯ ಬಳಸಿ ಅಳೆಯೋ ಪರೀಕ್ಷೆ). ಸ್ಟ್ಯಾಂಡರ್ಡಿಗೂ (ಪ್ರಮಾಣ ಗೊತ್ತಿರೋ ಹೋಲಿಕೆ ದ್ರಾವಣ) ಇದೇ ಉಪಚಾರ, ಇಲ್ಲದಿದ್ರೆ ಅದರಿಂದ ಬರೆಯೋ ಅಳತೆಯ ಕರ್ವ್ ದಂಡ. ಚಿಕ್ಕಮಗಳೂರಿಂದ ಬೆಂಗಳೂರಿಗೆ ಸ್ಯಾಂಪಲ್ ಕಳಿಸೋರು ಡ್ರೈ ಐಸ್ ಹಾಕಿ. ಡಬ್ಬಿ ಮಾತ್ರ ಗಾಳಿಯಾಡದಂತೆ ಬಿಗಿಯಬೇಡಿ, ಸಿಡಿಯುತ್ತೆ.